ಗೀಟು ಹಾಕಿದ ಪುಟ

ನಮ್ಮ ಮಗ ಹುಟ್ಟಿದ್ದು 2017ರ ಜುಲೈನಲ್ಲಿ, ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ. ಅವತ್ತು ಬೆಳಗ್ಗಿನಿಂದ ಬಿಡದೆ ಮಳೆ. ಹೆರಿಗೆ ಕೋಣೆಯ ಹೊರಗೆ ನಾನು, ಅಮ್ಮ, ಭಾವ ನಿಂತಿದ್ದೆವು. ಗಂಡು ಮಗು ಅಂತ ನರ್ಸ್ ಬಂದು ಹೇಳಿದಳು. ಆದರೆ ಅಳು ಕೇಳಿಸಲಿಲ್ಲ. ಮಳೆಯ ಸದ್ದಿಗೆ ಕೇಳಿಸುತ್ತಿಲ್ಲ ಅಂದುಕೊಂಡೆ. ಅಮ್ಮ ಮಾತ್ರ ನನ್ನ ಕೈ ಹಿಡಿದುಕೊಂಡು, "ಮಾಣಿ ಯಾಕೆ ಕೂಗಲಿಲ್ಲ?" ಅಂದರು. ಐದು ಮಕ್ಕಳನ್ನು ಹೆತ್ತವರು ಅವರು.

ಮಗು ಮೆತ್ತಗಿತ್ತು. ಕೈ ಎತ್ತಿ ಬಿಟ್ಟರೆ ಒದ್ದೆ ಬಟ್ಟೆಯ ಹಾಗೆ ಬೀಳುತ್ತಿತ್ತು. ಮೊಲೆಗೆ ಹಚ್ಚಿದರೆ ಬಾಯಿ ತೆರೆಯುತ್ತಿತ್ತು, ಚೀಪುತ್ತಿರಲಿಲ್ಲ. 24 ದಿನ ಎಳೆ ಮಕ್ಕಳ ಐಸಿಯುನಲ್ಲಿ ಇಟ್ಟರು. ಮೂಗಿನಿಂದ ಸಣ್ಣ ನಳಿಕೆ ಇಳಿಸಿ ಅದರಲ್ಲಿ ಹಾಲು ಕೊಡುತ್ತಿದ್ದರು. ಬಸುರಿಯಾಗಿದ್ದಾಗಲೇ ನನ್ನ ಹೆಂಡತಿ ಹೇಳುತ್ತಿದ್ದಳು, ಮಗು ಜಾಸ್ತಿ ಒದೆಯುತ್ತಿಲ್ಲ ಅಂತ. ಸ್ಕ್ಯಾನಿಂಗ್‌ನಲ್ಲಿ ಎಲ್ಲ ಸರಿ ಇದೆ ಅಂದಿದ್ದರು. ನಾವೂ ಸುಮ್ಮನಾಗಿದ್ದೆವು.

ಮನೆಗೆ ಬಂದ ಮೇಲೆ ಅಮ್ಮ ತಮ್ಮ ಪೆಟ್ಟಿಗೆಯಿಂದ ಬೆಳ್ಳಿಯ ಒಳಲೆ ತೆಗೆದರು. ಕುಂದಾಪುರದಿಂದ ಹೊರಡುವಾಗಲೇ ಅರಿವೆಯಲ್ಲಿ ಸುತ್ತಿ ತಂದಿದ್ದರು. ನನಗೂ ಅದರಲ್ಲೇ ಹಾಲು ಕುಡಿಸಿದ್ದಂತೆ. ಅದರ ಮೂತಿಯನ್ನು ಮಗುವಿನ ತುಟಿಗೆ ತಾಗಿಸಿ, ಒಂದೊಂದೇ ಹನಿ ಬಿಡಬೇಕು. ಮಗು ಹಾಲನ್ನು ಬಾಯಲ್ಲೇ ಇಟ್ಟುಕೊಂಡು ನಿದ್ದೆ ಮಾಡಿಬಿಡುತ್ತಿತ್ತು. ಅಂಗಾಲಿಗೆ ಬೆರಳಲ್ಲಿ ಗೀಚಿ ಎಬ್ಬಿಸಿದರೆ ಒಂದು ಗುಟುಕು. ಮತ್ತೆ ನಿದ್ದೆ. 30 ಎಂಎಲ್ ಹಾಲಿಗೆ ಒಂದು ಗಂಟೆ. ಅದು ಮುಗಿಯುವಷ್ಟರಲ್ಲಿ ಮುಂದಿನ ಹಾಲಿನ ಹೊತ್ತು. ಅಮ್ಮ ಮತ್ತು ಹೆಂಡತಿ ಪಾಳಿ ಮಾಡಿಕೊಂಡು ಕೂರುತ್ತಿದ್ದರು. ನಾನು ರಾತ್ರಿ ಹನ್ನೊಂದಕ್ಕೆ ಹೋಟೆಲಿನ ಗಲ್ಲಾ ಮುಚ್ಚಿ ಬಂದು ಮೂರನೇ ಪಾಳಿ ಹಿಡಿಯುತ್ತಿದ್ದೆ.

ಸ್ಟೇಷನ್ ಹತ್ತಿರ ನಮ್ಮ ಅಣ್ಣನದ್ದು ಚಿಕ್ಕ ಉಡುಪಿ ಹೋಟೆಲು. ನಾನು ಅಲ್ಲಿ ಗಲ್ಲಾದಲ್ಲಿ ಕೂರುವವನು. ದಿನಕ್ಕೆ ನೂರಾರು ಜನರಿಗೆ ಊಟ ತಿಂಡಿ ಕೊಡುವ ಕೆಲಸ. ನಮ್ಮ ಮನೆಯ ಮಗುವಿಗೆ ಮಾತ್ರ ಒಂದು ಗುಟುಕು ಹಾಲು ಇಳಿಯುವುದಿಲ್ಲ. ಇಡ್ಲಿ ಪಾತ್ರೆಯ ಹಬೆ ನೋಡಿದರೆ ಹೊಟ್ಟೆಯೊಳಗೆ ಸಂಕಟವಾಗುತ್ತಿತ್ತು.

ನಾವು ಮೊದಲು ತೋರಿಸಿದ ಆಸ್ಪತ್ರೆಯಲ್ಲಿ ಕ್ರೋಮೋಸೋಮ್, ಅಂದರೆ ವರ್ಣತಂತುಗಳ ಪರೀಕ್ಷೆ ಮಾಡಿಸಿದರು. "46, ಎಕ್ಸ್‌ವೈ, ನಾರ್ಮಲ್" ಅಂತ ರಿಪೋರ್ಟ್ ಬಂತು. ಥೈರಾಯ್ಡ್ ನಾರ್ಮಲ್. ನರಗಳ ದೋಷದಿಂದ ಸ್ನಾಯು ಸೋಲುವ ಎಸ್‌ಎಂಎ ಅನ್ನುವ ಕಾಯಿಲೆ ಇರಬಹುದಾ ಅಂತ ನೋಡಿದರು, ಅದೂ ಇಲ್ಲ. "ಏನೂ ಇಲ್ಲ, ಸ್ವಲ್ಪ ನಿಧಾನ, ಬೆಳೀತಾನೆ" ಅಂದರು ಅಲ್ಲಿನ ಡಾಕ್ಟರು. ನಾವು ಖುಷಿಯಿಂದ ಕಟ್ಟಡದಲ್ಲಿ ಎಲ್ಲರಿಗೂ ಪೇಡೆ ಹಂಚಿದೆವು. ಆ ಮಾತನ್ನು ನಂಬಿಕೊಂಡು ನಾಲ್ಕು ತಿಂಗಳು ಕಳೆದೆವು. ಅದರ ನೋವು ಈಗಲೂ ಇದೆ. ನಾರ್ಮಲ್ ಅನ್ನುವ ಪದವನ್ನು ಅಷ್ಟು ಸುಲಭವಾಗಿ ಹೇಳಬಾರದಿತ್ತು. ಆ ಪರೀಕ್ಷೆ ಎಷ್ಟರವರೆಗೆ ನೋಡಬಲ್ಲದು, ಎಲ್ಲಿಂದಾಚೆ ನೋಡಲಾರದು ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಮಗುವಿಗೆ ಏಳು ತಿಂಗಳಾದಾಗಲೂ ಕತ್ತು ನಿಂತಿರಲಿಲ್ಲ. ಪರಿಚಯದವರೊಬ್ಬರು ಪರೇಲ್‌ನಲ್ಲಿ ಜೆನೆಟಿಕ್ಸ್ ನೋಡುವ ಒಬ್ಬ ಮ್ಯಾಡಮ್ ಇದ್ದಾರೆ, ಹೋಗಿ ಅಂದರು. ಬೆಳಗ್ಗೆ ಆರೂವರೆಯ ಸ್ಲೋ ಲೋಕಲ್ ಹಿಡಿದೆವು. ಹೆಂಡತಿ ಮಗುವನ್ನು ಸೆರಗಿನೊಳಗೆ ಅವುಚಿಕೊಂಡು ಲೇಡೀಸ್ ಡಬ್ಬಿಯಲ್ಲಿ, ನಾನು ಫೈಲ್ ಹಿಡಿದು ಪಕ್ಕದ ಡಬ್ಬಿಯಲ್ಲಿ.

ಆ ಮ್ಯಾಡಮ್ ಫೈಲನ್ನು ಪಕ್ಕಕ್ಕಿಟ್ಟು ಮೊದಲು ಮಗುವನ್ನು ನೋಡಿದರು. ಎರಡೂ ಕೈ ಹಿಡಿದು ಮೆಲ್ಲಗೆ ಮೇಲೆತ್ತಿದರು. ತಲೆ ಹಿಂದಕ್ಕೆ ಜೋತುಬಿತ್ತು. ಕಣ್ಣು ಬಾದಾಮಿಯ ಆಕಾರ, ಮೇಲ್ದುಟಿ ತೆಳು, ಅಂಗೈ ಪುಟ್ಟದು ಅಂತ ಒಂದೊಂದೇ ತೋರಿಸಿದರು. ಬೀಜ ಕೆಳಗಿಳಿದಿಲ್ಲ ಅಂದರು. ಆಮೇಲೆ ಹೆಂಡತಿಯನ್ನು ಕೇಳಿದರು: "ಈ ಮಗು ಹುಟ್ಟಿದಾಗಿನಿಂದ ಒಂದು ಸಲವಾದರೂ ಹಸಿವಾಗಿ ಅತ್ತಿದೆಯಾ?"

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ಇಲ್ಲ" ಅಂದಳು. ಎಷ್ಟು ಪಾಪದ ಮಗು, ಹಟವೇ ಇಲ್ಲ ಅಂತ ಬಂದವರೆಲ್ಲ ಹೊಗಳುತ್ತಿದ್ದರಲ್ಲ, ಅದು ಲಕ್ಷಣವಾಗಿತ್ತು.

ರಕ್ತ ತೆಗೆದರು, ನೇರಳೆ ಮುಚ್ಚಳದ ಸಣ್ಣ ಟ್ಯೂಬಿನಲ್ಲಿ. ಇದು ಮಿಥೈಲೇಷನ್ ಪರೀಕ್ಷೆ, ರಿಪೋರ್ಟ್‌ಗೆ ಮೂರು ವಾರ ಅಂದರು. ಆ ಪದವನ್ನು ನಾನು ಕೇಳಿದ್ದು ಅದೇ ಮೊದಲು. ಬಿಲ್ಲಿನ ಹಿಂದೆ ಕನ್ನಡದಲ್ಲಿ ಬರೆದಿಟ್ಟುಕೊಂಡೆ.

ರಿಪೋರ್ಟ್ ಕೊಡುವ ದಿನ ಮ್ಯಾಡಮ್ ಮುಕ್ಕಾಲು ಗಂಟೆ ಕೂತು ವಿವರಿಸಿದರು. ಕಾಯಿಲೆಯ ಹೆಸರು ಪ್ರೇಡರ್-ವಿಲ್ಲಿ ಸಿಂಡ್ರೋಮ್. 1956ರಲ್ಲಿ ಸ್ವಿಟ್ಜರ್ಲೆಂಡಿನ ಮೂವರು ಡಾಕ್ಟರು, ಪ್ರೇಡರ್, ಲಾಬ್‌ಹಾರ್ಟ್ ಮತ್ತು ವಿಲ್ಲಿ, ಇದನ್ನು ಮೊದಲು ಬರೆದಿಟ್ಟರು. ಹೆಚ್ಚುಕಡಿಮೆ ಹದಿನೈದು ಇಪ್ಪತ್ತು ಸಾವಿರ ಮಕ್ಕಳಲ್ಲಿ ಒಂದಕ್ಕೆ ಬರುತ್ತದೆ. 15ನೇ ಕ್ರೋಮೋಸೋಮಿನ ಒಂದು ಸಣ್ಣ ಜಾಗದ ವಿಷಯ ಇದು. ನಮ್ಮ ಡಿಎನ್‌ಎ ಸುಮಾರು 300 ಕೋಟಿ ಅಕ್ಷರ. ಅದರಲ್ಲಿ ಐವತ್ತು ಅರವತ್ತು ಲಕ್ಷ ಅಕ್ಷರದ ಒಂದು ತುಂಡು. ಕ್ರೋಮೋಸೋಮನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಹಳೆಯ ಪರೀಕ್ಷೆಯಲ್ಲಿ ಅಷ್ಟು ಚಿಕ್ಕದು ಸುಲಭಕ್ಕೆ ಕಾಣುವುದಿಲ್ಲ. ನಾವು ಪೇಡೆ ಹಂಚಿದ್ದು ಅದಕ್ಕೇ.

ಇಷ್ಟು ಅರ್ಥವಾಯಿತು. ಮುಂದಿನದ್ದು ತಲೆಗೆ ಹತ್ತಲಿಲ್ಲ. ಪ್ರತಿಯೊಂದು ಕ್ರೋಮೋಸೋಮೂ ನಮ್ಮಲ್ಲಿ ಜೋಡಿಯಾಗಿ ಇರುತ್ತದೆ, ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಹಾಗಿದ್ದ ಮೇಲೆ ಒಂದರಲ್ಲಿ ತುಂಡು ಕಾಣೆಯಾದರೆ ಇನ್ನೊಂದು ನಡೆಸಬೇಕಲ್ವಾ? ಅದನ್ನೇ ಕೇಳಿದೆ. ಮ್ಯಾಡಮ್ ಹೇಳಿದರು: "ಈ ಜಾಗದಲ್ಲಿ ಹಾಗಲ್ಲ. ಇಲ್ಲಿನ ಕೆಲವು ಜೀನ್‌ಗಳಲ್ಲಿ ಅಮ್ಮನ ಪ್ರತಿ ಯಾವಾಗಲೂ ಬಾಯಿ ಮುಚ್ಚಿಕೊಂಡಿರುತ್ತದೆ. ಎಲ್ಲರಲ್ಲೂ ಹಾಗೇ, ನಿಮ್ಮಲ್ಲಿ ಹಾಗೇ, ನನ್ನಲ್ಲಿ ಹಾಗೇ. ಕೆಲಸ ಮಾಡುವುದು ಅಪ್ಪನ ಪ್ರತಿ ಮಾತ್ರ."

ಇದನ್ನು ನನಗೆ ಪೂರ್ತಿ ಬಿಡಿಸಿ ಹೇಳಿದ್ದು ಅಕ್ಕನ ಮಗಳು. ಅವಳು ಆಗ ಪುಣೆಯಲ್ಲಿ ಎಂ.ಎಸ್‌ಸಿ. ಓದುತ್ತಿದ್ದಳು. ಒಂದು ಭಾನುವಾರ ಮಧ್ಯಾಹ್ನ ರಶ್ ಇಳಿದ ಮೇಲೆ ಹೋಟೆಲಿಗೆ ಬಂದು ಗಲ್ಲಾ ಪಕ್ಕ ಕೂತಳು. ಅವಳು ಹೇಳುತ್ತಾ ಹೋದಳು, ನನ್ನ ಕಣ್ಣಿಗೆ ಎದುರಿಗಿದ್ದ ಉದ್ರಿ ಖಾತೆಯ ಪುಸ್ತಕ ಬಿತ್ತು. ಗಿರಾಕಿ ಬಾಕಿ ತೀರಿಸಿದ ಮೇಲೆ ನಾವು ಆ ಪುಟಕ್ಕೆ ಅಡ್ಡ ಗೀಟು ಹಾಕುತ್ತೇವೆ. ಪುಟ ಹರಿಯುವುದಿಲ್ಲ. ಬರೆದ ಒಂದು ಅಕ್ಷರವೂ ಅಳಿಸುವುದಿಲ್ಲ. ಓದಬೇಕೆಂದರೆ ಓದಬಹುದು. ಆದರೆ ಗೀಟು ಕಂಡರೆ ಯಾರೂ ಆ ಪುಟದಿಂದ ವಸೂಲಿ ಮಾಡುವುದಿಲ್ಲ. ಮಿಥೈಲ್ ಅಂದರೆ ಅಂಥ ಗೀಟು. ಒಂದು ಇಂಗಾಲ, ಮೂರು ಜಲಜನಕ, ಅಷ್ಟೇ ಪುಟ್ಟ ಗುಂಪು. ಡಿಎನ್‌ಎಯ ಸಿ ಅನ್ನುವ ಅಕ್ಷರದ ಮೇಲೆ ಕೂರುತ್ತದೆ. ಅದು ಕೂತ ಕಡೆ ಸಾಮಾನ್ಯವಾಗಿ ಜೀನ್ ಸುಮ್ಮನಾಗುತ್ತದೆ. ಅಕ್ಷರ ಬದಲಾಗದೆ ಜೀನಿನ ಕೆಲಸ ಬದಲಾಗುವ ಈ ವಿದ್ಯೆಗೆ ಎಪಿಜೆನೆಟಿಕ್ಸ್ ಅನ್ನುತ್ತಾರೆ. ಅಪ್ಪ ಅಮ್ಮಂದಿರಲ್ಲಿ ಯಾರ ಕಡೆಯಿಂದ ಬಂತು ಅನ್ನುವುದರ ಮೇಲೆ ಗೀಟು ನಿರ್ಧಾರವಾದರೆ ಅದು ಇಂಪ್ರಿಂಟಿಂಗ್. ಮನುಷ್ಯನ ಸುಮಾರು 20 ಸಾವಿರ ಜೀನ್‌ಗಳಲ್ಲಿ ಹೀಗೆ ನಡೆದುಕೊಳ್ಳುವುದು ನೂರರ ಆಸುಪಾಸಿನಷ್ಟು ಮಾತ್ರ.

ನನ್ನ ಮಗನಲ್ಲಿ ಅಮ್ಮನ ಪುಟಕ್ಕೆ ಗೀಟು ಇದೆ, ಎಲ್ಲರಿಗೂ ಇರುವಂತೆ. ಅಪ್ಪನ ಪುಟ ಹರಿದುಹೋಗಿದೆ.

ಪರೀಕ್ಷೆ ಮಾಡುವ ಬಗೆಯೂ ನನಗೆ ಬಹಳ ಹಿಡಿಸಿತು. ಒಂದು ಕಿಣ್ವ ಇದೆ. ಗೀಟು ಇಲ್ಲದ ಡಿಎನ್‌ಎಯನ್ನು ಮಾತ್ರ ಅದು ಕತ್ತರಿಸುತ್ತದೆ. ಗೀಟು ಇದ್ದರೆ ಮುಟ್ಟುವುದಿಲ್ಲ. ನಿಮ್ಮ ರಕ್ತ ಕೊಟ್ಟರೆ ಆ ಜಾಗದಲ್ಲಿ ಅರ್ಧ ಕತ್ತರಿಸಿಹೋಗಿ ಅರ್ಧ ಉಳಿಯುತ್ತದೆ. ಉಳಿದದ್ದು ಅಮ್ಮನದ್ದು. ನಮ್ಮ ಮಗನ ರಕ್ತದಲ್ಲಿ ಕತ್ತರಿಸಲಿಕ್ಕೆ ಏನೂ ಸಿಗಲಿಲ್ಲ. ಇದ್ದದ್ದೆಲ್ಲ ಗೀಟು ಹಾಕಿದ್ದೇ. ರಿಪೋರ್ಟಿನಲ್ಲಿ ನೂರಕ್ಕೆ ನೂರು ಅಂತ ಇತ್ತು. ಈ ಕಾಯಿಲೆ ಇದ್ದರೆ ನೂರರಲ್ಲಿ 99ಕ್ಕೂ ಹೆಚ್ಚು ಸಲ ಈ ಪರೀಕ್ಷೆ ಹಿಡಿದುಬಿಡುತ್ತದೆ. ಮೊದಲ ತಿಂಗಳಲ್ಲೇ ಇದನ್ನು ಮಾಡಿಸಿದ್ದರೆ ಅಂತ ಅವತ್ತು ರಾತ್ರಿ ಎಷ್ಟು ಸಲ ಅಂದುಕೊಂಡೆನೋ. ಎಳೆ ಕೂಸು ಕಾರಣ ತಿಳಿಯದೆ ಮೆತ್ತಗಿದ್ದು, ಚೀಪದೇ ಇದ್ದರೆ ದಯವಿಟ್ಟು ಮಿಥೈಲೇಷನ್ ಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳಿ. ಇದನ್ನು ಬರೆಯಲು ಕೂತದ್ದೇ ಈ ಒಂದು ಮಾತಿಗೆ.

ರಿಪೋರ್ಟ್ ಬಂದ ಮೇಲೆ ಇನ್ನೊಂದು ಪ್ರಶ್ನೆ ಉಳಿದಿತ್ತು. ಅಪ್ಪನ ಪ್ರತಿ ಇಲ್ಲದೆ ಹೋಗಲು ಬೇರೆ ಬೇರೆ ದಾರಿ ಇವೆ. ನೂರರಲ್ಲಿ 60-70 ಮಕ್ಕಳಲ್ಲಿ ತುಂಡು ಕಾಣೆಯಾಗಿರುತ್ತದೆ. ಉಳಿದವರಲ್ಲಿ ಹೆಚ್ಚಿನವರಿಗೆ ಎರಡೂ 15ನೇ ಕ್ರೋಮೋಸೋಮ್ ಅಮ್ಮನಿಂದಲೇ ಬಂದಿರುತ್ತದೆ, ಅಪ್ಪನದ್ದು ಬಂದೇ ಇರುವುದಿಲ್ಲ. 1989ರಲ್ಲಿ ಅಂಥವರನ್ನು ಕಂಡುಹಿಡಿದಾಗಲೇ ವಿಷಯ ಪಕ್ಕಾ ಆದದ್ದಂತೆ. ಅವರಲ್ಲಿ ಒಂದು ಅಕ್ಷರವೂ ಕಮ್ಮಿ ಇರಲಿಲ್ಲ, ಆದರೂ ಕಾಯಿಲೆ ಬಂದಿತ್ತು. ತೀರಾ ಕೆಲವರಲ್ಲಿ ಗೀಟು ಅಳಿಸುವ ವ್ಯವಸ್ಥೆಯೇ ಕೆಟ್ಟಿರುತ್ತದೆ. ಅದು ವಂಶದಲ್ಲಿ ಬಂದಿದ್ದರೆ ಮುಂದಿನ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ತುಂಡು ಹೋಗಿದ್ದರೆ ನೂರಕ್ಕೆ ಒಂದಕ್ಕಿಂತಲೂ ಕಮ್ಮಿ. ಹಾಗಾಗಿ ಯಾವುದು ಅಂತ ತಿಳಿಯಲೇಬೇಕು. ನಮ್ಮದು ತುಂಡು ಹೋದದ್ದು ಅಂತ ಆಯಿತು. ನನ್ನ ರಕ್ತವನ್ನೂ ತೆಗೆದು, ನನ್ನ ಕ್ರೋಮೋಸೋಮಿನಲ್ಲಿ ಅದಲುಬದಲು ಏನಾದರೂ ಇದೆಯಾ ನೋಡಿದರು. ಇರಲಿಲ್ಲ.

ಮನೆಯಲ್ಲಿ ಆವರೆಗೆ ಏನಾಗಿತ್ತು ಅಂತ ಹೇಳಲೇಬೇಕು. ಮಗು ಹೀಗೆ ಹುಟ್ಟಿತು ಅಂದರೆ ಎಲ್ಲರ ಕಣ್ಣೂ ತಾಯಿಯ ಮೇಲೆ. ಗ್ರಹಣದ ದಿನ ಹೊರಗೆ ಹೋಗಿದ್ದಳು ಅಂದರು. ಪಪ್ಪಾಯಿ ತಿಂದಿರಬೇಕು ಅಂದರು. ಅವರ ಮನೆ ಕಡೆ ಯಾರಿಗೋ ಹೀಗೇ ಇತ್ತು ಅಂತ ಒಬ್ಬರು ಊರಿಂದ ಫೋನ್ ಮಾಡಿ ಹೇಳಿದರು. ಅವಳು ಒಂದಕ್ಕೂ ಉತ್ತರ ಕೊಡುತ್ತಿರಲಿಲ್ಲ, ಒಳಲೆ ಹಿಡಿದು ಕೂತಿರುತ್ತಿದ್ದಳು. ಕೊನೆಯ ರಿಪೋರ್ಟ್ ತಂದ ಸಂಜೆ ನಾನು ಅಮ್ಮನನ್ನೂ ಅಣ್ಣ ಅತ್ತಿಗೆಯನ್ನೂ ಕೂರಿಸಿಕೊಂಡೆ. "ಅಮ್ಮಾ, ಹರಿದದ್ದು ನನ್ನ ಕಡೆಯ ಪುಟ. ಅವಳದ್ದು ಸರಿಯಾಗೇ ಇದೆ" ಅಂದೆ. ವೀರ್ಯ ತಯಾರಾಗುವಾಗ ಆ ಜಾಗದ ಎರಡೂ ಬದಿಗೆ ಒಂದೇ ಥರದ ಅಕ್ಷರಗಳಿರುವುದರಿಂದ ಜೋಡಣೆ ತಪ್ಪಿ, ನಡುವಿನ ತುಂಡು ಬಿಟ್ಟುಹೋಗುತ್ತದೆ. ಯಾರು ಏನು ತಿಂದರು, ಎಲ್ಲಿ ಹೋದರು ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅಪ್ಪನ ತಪ್ಪೂ ಅಲ್ಲ, ಅಮ್ಮನ ತಪ್ಪೂ ಅಲ್ಲ. ಮ್ಯಾಡಮ್ ಹೇಳಿದ್ದನ್ನು ಹಾಗೇ ಹೇಳಿದೆ.

ಅಮ್ಮ ಏನೂ ಮಾತಾಡಲಿಲ್ಲ. ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ನೋಡಿದರೆ ಸೊಸೆಯ ತಲೆಗೆ ಎಣ್ಣೆ ಹಚ್ಚುತ್ತಿದ್ದರು.

ಮ್ಯಾಡಮ್ ಹತ್ತಿರ ನಮ್ಮ ಪಾಳಿ ಬರುವುದನ್ನು ಕಾಯುತ್ತಾ ಕೂತಾಗ ಒಂದು ದಿನ ಪಕ್ಕದ ಬಾಕಿನಲ್ಲಿ ಆರೇಳು ವರ್ಷದ ಹುಡುಗಿ ಇದ್ದಳು. ಸುಮ್ಮಸುಮ್ಮನೆ ನಗುತ್ತಿದ್ದಳು, ಕೈ ಬಡಿಯುತ್ತಿದ್ದಳು, ಮಾತಿಲ್ಲ. ಅವಳ ಅಮ್ಮನ ಹತ್ತಿರ ಮಾತಾಡುತ್ತಾ ಫೈಲ್ ನೋಡಿದರೆ ಅದೇ 15ನೇ ಕ್ರೋಮೋಸೋಮ್, ಅದೇ ಜಾಗ. ಅವಳಿಗೆ ಇಲ್ಲದೆ ಹೋಗಿದ್ದು ಅಮ್ಮನ ಕಡೆಯ ತುಂಡು. ಅದಕ್ಕೆ ಏಂಜೆಲ್‌ಮನ್ ಸಿಂಡ್ರೋಮ್ ಅನ್ನುತ್ತಾರೆ. ಅಲ್ಲಿ ಯುಬಿಇ3ಎ ಅನ್ನುವ ಒಂದು ಜೀನ್ ಇದೆ, ಮೆದುಳಿನ ನರಕೋಶದಲ್ಲಿ ಅದರ ಅಮ್ಮನ ಪ್ರತಿ ಮಾತ್ರ ಕೆಲಸ ಮಾಡುತ್ತದೆ. ಒಂದೇ ಜಾಗ. ಅಪ್ಪನದ್ದು ಹೋದರೆ ನನ್ನ ಮಗ, ಅಮ್ಮನದ್ದು ಹೋದರೆ ಆ ಹುಡುಗಿ. ಅವಳು ನನ್ನ ಮಗನ ಬೆರಳು ಹಿಡಿದುಕೊಂಡು ನಗುತ್ತಾ ಇದ್ದಳು. ಅವನು ಅವಳನ್ನೇ ನೋಡುತ್ತಿದ್ದ.

ಇಲಿಗಳ ಮೇಲೆ ಇದರ ಪ್ರಯೋಗ 1984ರಲ್ಲೇ ಆಗಿತ್ತು. ಕೇಂಬ್ರಿಜ್‌ನಲ್ಲಿ ಅಜೀಂ ಸುರಾನಿ ಮತ್ತು ಸಂಗಡಿಗರು, ಅಮೆರಿಕದಲ್ಲಿ ಮೆಕ್‌ಗ್ರಾತ್ ಮತ್ತು ಸೋಲ್ಟರ್. ಇಲಿಯ ಮೊಟ್ಟೆಯಲ್ಲಿ ಎರಡೂ ಪಾಲು ಅಮ್ಮನದ್ದೇ ಇಟ್ಟರು, ಇಲ್ಲವೇ ಎರಡೂ ಅಪ್ಪನದ್ದೇ. ಲೆಕ್ಕದಲ್ಲಿ ಡಿಎನ್‌ಎ ಸರಿಯಾಗೇ ಇತ್ತು. ಮರಿ ಮಾತ್ರ ಉಳಿಯಲಿಲ್ಲ. ಅಪ್ಪನ ಪಾಲು ಅಮ್ಮನ ಪಾಲು ಒಂದೇ ಅಲ್ಲ ಅಂತ ಆವಾಗ ಗೊತ್ತಾಯಿತು. ನನಗೆ ಇನ್ನೂ ಬೆರಗು ಹುಟ್ಟಿಸುವ ವಿಷಯ ಬೇರೆ ಇದೆ. ನನ್ನ ಅಮ್ಮನಿಂದ ನನಗೆ ಬಂದ ಪುಟಕ್ಕೆ ಗೀಟಿದೆ. ಅದೇ ಪುಟ ನನ್ನಿಂದ ಮಕ್ಕಳಿಗೆ ಹೋಗುವಾಗ ಗೀಟು ಅಳಿಸಿಹೋಗುತ್ತದೆ, ಅಪ್ಪನ ಪುಟ ಆಗುತ್ತದೆ. ಪ್ರತಿ ತಲೆಮಾರಿನಲ್ಲೂ ಪುಸ್ತಕಕ್ಕೆ ಹೊಸದಾಗಿ ಗೀಟು ಬೀಳುತ್ತದೆ. ಅಂದರೆ ಗೀಟು ಅಳಿಸಲು ಬರುತ್ತದೆ, ಶರೀರಕ್ಕೆ ಅದು ಗೊತ್ತು.

ಎರಡು ವರ್ಷ ತುಂಬುವ ಹೊತ್ತಿಗೆ ಬೆಳವಣಿಗೆಯ ಹಾರ್ಮೋನ್ ಶುರು ಮಾಡಿದೆವು. ಈ ಕಾಯಿಲೆಗೆ ಅಮೆರಿಕದಲ್ಲಿ 2000ದಲ್ಲೇ ಅದಕ್ಕೆ ಒಪ್ಪಿಗೆ ಸಿಕ್ಕಿದೆ. ಬರೀ ಎತ್ತರಕ್ಕಲ್ಲ, ಸ್ನಾಯುವಿಗೆ ಬಲ ಬರಲಿ, ಕೊಬ್ಬು ಕಮ್ಮಿಯಾಗಲಿ ಅಂತ. ಮೊದಲು ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿಸಿ ನಿದ್ದೆಯಲ್ಲಿ ಉಸಿರಾಟ ನೋಡಿದರು. ಟಾನ್ಸಿಲ್ ನೋಡಿದರು. ಆಮೇಲೆ ದಿನಾ ರಾತ್ರಿ ಒಂದು ಚುಚ್ಚುಮದ್ದು, ಪೆನ್ನಿನಂಥ ಸಾಧನದಲ್ಲಿ. ಖರ್ಚು ಹೇಳಿ ಪ್ರಯೋಜನ ಇಲ್ಲ. ಊರಿನ ಜಾಗದಲ್ಲಿ ನನ್ನ ಪಾಲು ಅಣ್ಣನಿಗೆ ಬರೆದುಕೊಟ್ಟೆ. 2021ರಲ್ಲಿ ಕೇಂದ್ರ ಸರಕಾರದ ಅಪರೂಪದ ಕಾಯಿಲೆಗಳ ನೀತಿ ಬಂತು. ಅದರ ಎರಡನೇ ಗುಂಪಿನಲ್ಲಿ ಪ್ರೇಡರ್-ವಿಲ್ಲಿಯ ಹಾರ್ಮೋನ್ ಚಿಕಿತ್ಸೆಯೂ ಇದೆ. ಮುಂಬಯಿಯಲ್ಲಿ ಅದಕ್ಕೆ ಗೊತ್ತುಮಾಡಿದ ಕೇಂದ್ರ ಪರೇಲಿನ ಕೆಇಎಂ ಆಸ್ಪತ್ರೆ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ. ನಮ್ಮವರು ಯಾರಾದರೂ ಇದನ್ನು ಓದುತ್ತಿದ್ದರೆ ಮೊದಲು ಅಲ್ಲಿ ವಿಚಾರಿಸಿ, ಜಾಗ ಆಮೇಲೆ ಮಾರಿ.

ಅವನು ಎರಡೂವರೆ ವರ್ಷಕ್ಕೆ ನಡೆದ. ಆ ದಿನ ನನ್ನ ಹೆಂಡತಿ ಹೋಟೆಲಿಗೆ ಫೋನ್ ಮಾಡಿದಳು, ಮಾತು ಹೊರಡಲಿಲ್ಲ ಅವಳಿಗೆ. ಭಟ್ಟರು ಗ್ರೈಂಡರ್ ನಿಲ್ಲಿಸಿ ಬಂದು ಏನಾಯಿತು ಅಂತ ಕೇಳಿದರು. 2021ರಲ್ಲಿ ಮಗಳು ಹುಟ್ಟಿದಳು. ಹುಟ್ಟಿದ ಕೂಡಲೇ ಕಿರುಚಿದಳು.

ಮ್ಯಾಡಮ್ ಮೊದಲ ದಿನವೇ ಹೇಳಿದ್ದರು, ಹಾಲು ಕುಡಿಯದ ಈ ಮಗುವಿಗೆ ಮುಂದೆ ಹಸಿವು ತೀರುವುದೇ ಇಲ್ಲ ಅಂತ. ಹೊಟ್ಟೆ ತುಂಬಿತು ಅನ್ನುವ ಸುದ್ದಿ ಮೆದುಳಿನ ಹೈಪೋಥಲಾಮಸ್‌ಗೆ ಸರಿಯಾಗಿ ಮುಟ್ಟುವುದಿಲ್ಲ. ಎರಡು ವರ್ಷದ ಹೊತ್ತಿಗೆ ತೂಕ ಏರುತ್ತದೆ, ನಾಲ್ಕೈದಕ್ಕೆ ಹಸಿವು ಶುರು, ಎಂಟರ ಹೊತ್ತಿಗೆ ಜೋರು. ಬೇರೆ ಮಕ್ಕಳಿಗೆ ಬೇಕಾಗುವುದರ ಮುಕ್ಕಾಲು ಪಾಲು ತಿಂದರೂ ಇವರಿಗೆ ತೂಕ ಏರುತ್ತದೆ. ವಾಂತಿ ಆಗುವುದು ಕಮ್ಮಿ, ನೋವು ತಿಳಿಯುವುದು ಕಮ್ಮಿ. ಮಿತಿಮೀರಿ ತಿಂದು ಹೊಟ್ಟೆಯೇ ಒಡೆದ ಉದಾಹರಣೆಗಳಿವೆ. ಅವತ್ತು ಆ ಮಾತನ್ನು ನಾನು ನಂಬಿರಲಿಲ್ಲ. ತಿನ್ನಲಿ ಸಾಕು ಅನ್ನುವುದೇ ಆಗ ನಮ್ಮ ಆಸೆ.

2022ರ ಒಂದು ಭಾನುವಾರ. ಅವನನ್ನು ಹೋಟೆಲಿಗೆ ಕರೆದುಕೊಂಡು ಹೋಗಿದ್ದೆ, ಗಲ್ಲಾ ಪಕ್ಕ ಸ್ಟೂಲ್ ಮೇಲೆ ಕೂರಿಸಿದ್ದೆ. ಒಂದು ಪಾರ್ಸೆಲ್ಲಿನ ಲೆಕ್ಕ ಮಾಡಿ ತಿರುಗುವಷ್ಟರಲ್ಲಿ ಸ್ಟೂಲ್ ಖಾಲಿ. ಸಪ್ಲೈಯರ್ ಹುಡುಗ ಓಡಿಬಂದು ಕರೆದ. ಹಿಂದುಗಡೆ ಪಾತ್ರೆ ತೊಳೆಯುವ ಜಾಗದಲ್ಲಿ, ಎಂಜಲು ತಟ್ಟೆಗಳ ಟಬ್ಬಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದ. ಯಾರೋ ಕಚ್ಚಿ ಬಿಟ್ಟ ವಡೆ ಒಂದು ಕೈಯಲ್ಲಿ, ಇನ್ನೊಂದು ಕೈ ಟಬ್ಬಿನೊಳಗೆ. ಗಲ್ಲದ ಮೇಲೆ ಸಾಂಬಾರ್. ನನ್ನನ್ನು ಕಂಡು ಹೆದರಲಿಲ್ಲ ಅವನು. ಬೇಗ ಬೇಗ ನುಂಗಿದ, ಅಷ್ಟೇ. ನಾನು ಅವನ ಪಕ್ಕ ನೆಲದ ಮೇಲೆ ಕೂತುಬಿಟ್ಟೆ. ಬೈಯಲಿಕ್ಕೆ ಬಾಯಿ ಬರಲಿಲ್ಲ. ಅದು ಆಸೆಬುರುಕತನ ಅಲ್ಲ ಅಂತ ನನಗೆ ಗೊತ್ತಿತ್ತು. ಹರಿದ ಪುಟ ಅದು. ಐದು ವರ್ಷದ ಮಗು ಅದನ್ನು ಹಟದಿಂದ ಗೆಲ್ಲಲಿಕ್ಕೆ ಆಗುತ್ತದಾ?

ಆವತ್ತಿನಿಂದ ಅವನು ಹೋಟೆಲಿಗೆ ಬಂದಿಲ್ಲ. ಮನೆಯಲ್ಲಿ ಅಡುಗೆ ಕೋಣೆಗೆ ಬಾಗಿಲು ಹಾಕಿಸಿ ಬೀಗ ಜಡಿದೆವು. ಫ್ರಿಜ್ಜಿಗೂ ಬೀಗ. ಊರಿಂದ ಬಂದವರು ನೋಡಿ ಮುಖ ಕಿವುಚಿದರು. ಮಗು ಇರುವ ಮನೆಯಲ್ಲಿ ಅನ್ನಕ್ಕೆ ಬೀಗವಾ ಅಂದರು. ಅಮ್ಮನಿಗೂ ತಡೆಯುತ್ತಿರಲಿಲ್ಲ. "ಪಾಪ, ಎರಡ್ ತುತ್ತ್ ಕೊಟ್ರೆ ಎಂತ ಆತ್ತ್?" ಅಂತ ಕದ್ದು ಕೊಡುತ್ತಿದ್ದರು. ಉಂಡ್ಯಾ ಅಂತ ಕೇಳುವುದೇ ನಮ್ಮಲ್ಲಿ ಪ್ರೀತಿ. ಬಂದವರ ಎಲೆಗೆ ಬೇಡ ಬೇಡ ಅಂದರೂ ಇನ್ನೊಂದು ಸೌಟು ಹಾಕುವವರು ನಾವು. ಅಂಥ ಕೈಗೆ ಕೊಡಬೇಡ ಅಂತ ಕಲಿಸುವುದು ಎಷ್ಟು ಕಷ್ಟ! ಅಮ್ಮನಿಗೆ ಎರಡು ವರ್ಷ ಬೇಕಾಯಿತು. ಆದರೆ ಕಲಿತರು. ಈಗ ಬೀಗದ ಕೈ ಇರುವುದು ಅವರ ಸೊಂಟದಲ್ಲೇ.

ಬೀಗದ ವಿಷಯದಲ್ಲಿ ನಾನು ಅಂದುಕೊಂಡದ್ದು ಒಂದು, ಆದದ್ದು ಇನ್ನೊಂದು. ಮಗುವಿಗೆ ಶಿಕ್ಷೆ ಕೊಟ್ಟ ಹಾಗಾಯಿತು ಅಂತ ನಾನು ಸಂಕಟಪಡುತ್ತಿದ್ದೆ. ಒಂದು ಸಂಜೆ ಅವನೇ ಬಂದು, "ಅಜ್ಜಿ, ಬೀಗ ಹಾಕಿದ್ಯಾ?" ಅಂತ ಕೇಳಿದ. ಹಾಕಿದೆ ಅಂದರು. ಎಳೆದು ನೋಡಿದ. ಆಮೇಲೆ ಹೋಗಿ ತಂಗಿಯ ಜೊತೆ ಕಾರು ಆಡಲು ಕೂತ. ಸಿಗಬಹುದು ಅನ್ನುವ ಆಸೆ ತಲೆಯಲ್ಲಿ ಇರುವವರೆಗೆ ಅವನಿಗೆ ಬೇರೆ ಏನೂ ಮಾಡಲು ಆಗುವುದಿಲ್ಲ. ಸಿಗುವುದಿಲ್ಲ ಅಂತ ಖಾತ್ರಿಯಾದರೆ ಬಿಡುಗಡೆ. ಈ ಮಕ್ಕಳ ತಂದೆ ತಾಯಂದಿರು ಒಂದು ಮಾತು ಹೇಳುತ್ತಾರೆ: ಮುಂದಿನ ಊಟದ ಬಗ್ಗೆ ಅನುಮಾನ ಇರಬಾರದು, ನಡುವೆ ಸಿಗುತ್ತದೆ ಅನ್ನುವ ಆಸೆ ಇರಬಾರದು, ಆಗ ನಿರಾಸೆಯೂ ಇಲ್ಲ. ಹಾಗಾಗಿ ಹೋಟೆಲಿನ ಒಂದು ಹಳೆಯ ಕರಿ ಹಲಗೆ ಮನೆಗೆ ತಂದೆ. ಹೊತ್ತು, ತಿಂಡಿ, ಎಷ್ಟು, ಎಲ್ಲ ಅದರ ಮೇಲೆ ಬರೆಯುತ್ತೇವೆ. ಚೌತಿಯ ದಿನ ಒಂದು ಮೋದಕ ಅಂತ ಎಂಟು ದಿನ ಮೊದಲೇ ಬರೆದಿದ್ದೆವು. ಒಂದು ತಿಂದ. ಎರಡನೆಯದನ್ನು ಕೇಳಲಿಲ್ಲ. ಆ ಗೆಲುವು ಎಷ್ಟು ದೊಡ್ಡದು ಅಂತ ನಮ್ಮ ಮನೆಗೆ ಗೊತ್ತು.

ಅಕ್ಕನ ಮಗಳು ಈಗಲೂ ಹೊಸ ಸಂಶೋಧನೆಯ ಸುದ್ದಿ ಬಂದರೆ ಕಳಿಸುತ್ತಾಳೆ. ಮಗ ಹುಟ್ಟಿದ ವರ್ಷವೇ, 2017ರಲ್ಲಿ, ಅಮೆರಿಕದ ವಿಜ್ಞಾನಿಗಳು ಒಂದು ವಿಷಯ ಪ್ರಕಟಿಸಿದ್ದರು. ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನಿನ ಮೇಲೂ ಬಾಯಿ ಮುಚ್ಚಿಸುವ ಗುರುತುಗಳಿರುತ್ತವೆ. ಅಂಥ ಗುರುತು ಹಾಕುವ ಜಿ9ಎ ಅನ್ನುವ ಕಿಣ್ವವನ್ನು ಔಷಧದಿಂದ ತಡೆದರು. ಅಪ್ಪನ ತುಂಡು ಇಲ್ಲದ ಇಲಿಮರಿಗಳಲ್ಲಿ ಅಮ್ಮನ ಸುಮ್ಮನಿದ್ದ ಜೀನ್ ಮಾತಾಡತೊಡಗಿತು. ಉಳಿದ ಮರಿಗಳ ಸಂಖ್ಯೆ ಹೆಚ್ಚಿತು. ಈಚೆಗೆ ಡಿಎನ್‌ಎಯನ್ನು ಕತ್ತರಿಸದ ಹಾಗೆ ಮಾಡಿದ, ಜೀನ್ ತಿದ್ದುವ ಕ್ರಿಸ್ಪರ್ ಅನ್ನುವ ಸಾಧನದಿಂದ, ರೋಗಿಗಳ ಕೋಶಗಳಲ್ಲಿ ಸರಿಯಾಗಿ ಆ ಜಾಗಕ್ಕೇ ಹೋಗಿ ಗೀಟು ಅಳಿಸುವ ಪ್ರಯೋಗಗಳಾಗಿವೆ. ಇದೆಲ್ಲ ಇಲಿಗಳಲ್ಲಿ, ಪ್ರಯೋಗಾಲಯದ ತಟ್ಟೆಯಲ್ಲಿ, ಮಗುವಿನ ಮೆದುಳಿನಲ್ಲಿ ಅಲ್ಲ. ಬೇರೆ ಜೀನ್‌ಗಳ ಗೀಟನ್ನೂ ಅಳಿಸಿಬಿಟ್ಟರೆ ಅಪಾಯ. ಅದು ನನಗೆ ಗೊತ್ತಿದೆ. ಆದರೂ ಓದುವಾಗ ಕೈ ನಡುಗುತ್ತದೆ. ಪುಟ ಇದೆಯಲ್ಲ! ಅವನ ಅಮ್ಮ ಕೊಟ್ಟ ಪುಟ ಪೂರ್ತಿ ಇದೆ, ಅವನ ಒಂದೊಂದು ಕೋಶದಲ್ಲೂ ಇದೆ. ಇಲ್ಲದ್ದನ್ನು ಹೊಸದಾಗಿ ಬರೆಯುವುದು ಬೇರೆ, ಇರುವುದರ ಮೇಲಿನ ಗೀಟು ತೆಗೆಯುವುದು ಬೇರೆ.

2025ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಈ ಹಸಿವಿಗೇ ಅಂತ ಮೊದಲ ಔಷಧಕ್ಕೆ ಒಪ್ಪಿಗೆ ಸಿಕ್ಕಿತು, ಡಯಾಜಾಕ್ಸೈಡ್ ಕೋಲೀನ್ ಅಂತ. ನಾಲ್ಕು ವರ್ಷ ಮೇಲ್ಪಟ್ಟವರಿಗೆ. ಸುದ್ದಿ ಓದಿದ ಕೂಡಲೇ ಮ್ಯಾಡಮ್ ಹತ್ತಿರ ಓಡಿದೆ. ಅವರು ಸಮಾಧಾನದಿಂದ ಕೇಳಿಸಿಕೊಂಡರು. ಸಕ್ಕರೆ ಏರಬಹುದು, ಮೈಯಲ್ಲಿ ನೀರು ನಿಲ್ಲಬಹುದು, ಮೊದಲು ಇವನ ಸಕ್ಕರೆ ಲೆಕ್ಕ ನೋಡೋಣ, ಅವಸರ ಬೇಡ ಅಂದರು. ರಕ್ತ ಪರೀಕ್ಷೆಗೆ ಗುರುವಾರ ಬರಲು ಹೇಳಿದರು.

ನಿನ್ನೆ ರಾತ್ರಿ ಗಲ್ಲಾ ಬೇಗ ಮುಚ್ಚಿ ಬಂದೆ. ಎಂಟೂವರೆಗೆ ಚುಚ್ಚುಮದ್ದಿನ ಹೊತ್ತು. ಇವತ್ತು ಎಡತೊಡೆ ಅಂತ ಅವನೇ ತೋರಿಸಿದ. ಸೂಜಿ ಒಳಗಿರುವಾಗ ಹತ್ತರವರೆಗೆ ಎಣಿಸಬೇಕು. ಒಂದು, ಎರಡು ಅಂತ ಅವನು ಶುರು ಮಾಡಿದರೆ ತಂಗಿ ಮೂರು, ನಾಲ್ಕು ಅಂತ ಜೋರಾಗಿ ಕೂಗುತ್ತಾಳೆ. ಮುಗಿದ ಮೇಲೆ ಹಲಗೆಯ ಹತ್ತಿರ ಹೋಗಿ ಒದ್ದೆ ಬಟ್ಟೆಯಲ್ಲಿ ಒರೆಸಿದ. ಗುರುವಾರ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು ಅಂತ ಹೇಳಿದ್ದೆ. ಅದನ್ನು ಹೇಗೆ ಬರೆಯುವುದು ಅಂತ ಸ್ವಲ್ಪ ಹೊತ್ತು ನಿಂತ. ಆಮೇಲೆ ಸೊಟ್ಟ ಅಕ್ಷರದಲ್ಲಿ ಬರೆದ: "6:30 ಟ್ರೇನು. 9 ರಕ್ತ. 9:15 ಇಡ್ಲಿ 2." ಸೀಮೆಸುಣ್ಣ ಕೈಯಲ್ಲೇ ಇತ್ತು. ನನ್ನ ಕಡೆ ತಿರುಗಿ ಕೇಳಿದ, "ಒಂಬತ್ತೂ ಕಾಲಿಗೇ ಅಲ್ವಾ ಅಪ್ಪ?"

"ಒಂಬತ್ತೂ ಕಾಲಿಗೇ" ಅಂದೆ.